ಅಂಗಳ ದಾಟದ ಬಿಳಿಯಂಗಿ

ಇದನ್ನು ನೀವು ನಂಬಬೇಡಿ. ನಂಬುವುದಿಲ್ಲ ಎಂದು ಈಗಲೇ ಗಟ್ಟಿ ಮಾಡಿಕೊಂಡು ಕೂತುಕೊಳ್ಳಿ, ಕೊನೆಗೆ ಯಾರು ಗೆಲ್ಲುತ್ತಾರೆ ನೋಡುವ. ತಲ್ಲೂರಿನಿಂದ ಬೈಂದೂರಿನ ತನಕ ಯಾವ ಚಾ ಅಂಗಡಿಯಲ್ಲಿ ಬೇಕಾದರೂ ನನ್ನ ವಿಚಾರ ಕೇಳಿ, ಅವನು ‘ಹೌದು’ ಎಂದರೆ ಅದರಲ್ಲೂ ಅರ್ಧ ಸುಳ್ಳು ಎನ್ನುತ್ತಾರೆ. ಬಾರ್ಕೂರಿನಲ್ಲಿ ಕೆಲಸ ನಡೆಯುವಾಗ ಹೊಸ ಸೂಪರ್‌ವೈಸರ್ ಒಬ್ಬ ಬಂದಿದ್ದ. ಇಸ್ತ್ರಿ ಪ್ಯಾಂಟು, ಕಿಸೆಯಲ್ಲಿ ಮೂರು ಬಣ್ಣದ ಪೆನ್ನು. ರೋಡ್ ರೋಲರಿನ ಚಕ್ರಕ್ಕೆ ಗಾಳಿ ಕಮ್ಮಿಯಾಗಿದೆ, ಬ್ರಹ್ಮಾವರಕ್ಕೆ ಹೋಗಿ ಪಂಪು ತನ್ನಿ ಎಂದು ಅವನನ್ನು ಬಸ್ಸು ಹತ್ತಿಸಿದವನು ನಾನು. ಅಪ್ಪಟ ಕಬ್ಬಿಣದ ಚಕ್ರಕ್ಕೆ ಗಾಳಿ. ಅವನು ಪಂಪು ತಂದ. ತಂದದ್ದು ಮಾತ್ರ ಅಲ್ಲ, ರೋಲರಿಗೆ ಪ್ರದಕ್ಷಿಣೆ ಹಾಕಿ ಗಾಳಿ ತುಂಬುವ ತೂತು ಎಲ್ಲಿದೆ ಎಂದು ಹುಡುಕಿದ.

ಇಂಥವನು ಈಗ ಸತ್ತವನೊಬ್ಬನ ಬಗ್ಗೆ ಬರೆಯಲು ಕೂತಿದ್ದೇನೆ. ಆದ್ದರಿಂದ ಎಚ್ಚರಿಕೆಯಲ್ಲಿ ಓದಿ. ಅವನ ಹೆಸರು ಬರೆಯುವುದಿಲ್ಲ. ಬದುಕಿದ್ದಾಗ ಯಾರೂ ಅವನನ್ನು ಹೆಸರು ಹಿಡಿದು ಕರೆದವರಿಲ್ಲ, ಸತ್ತ ಮೇಲೆ ಎಂಥ ಹೆಸರು. ನಮಗೆ ಅವನು ಬಿಳಿಯಂಗಿ.

ನಾನು ರಸ್ತೆ ಕಂಟ್ರಾಕ್ಟರನ ಕಂಪನಿಗೆ ಮೆಕ್ಯಾನಿಕ್ ಆಗಿ ಸೇರಿದ್ದು ತೊಂಬತ್ತೇಳರಲ್ಲಿ. ಅವನು ಆಗಲೇ ಅಲ್ಲಿದ್ದ. ನಾವುಂದದ ಮೀನುಗಾರರ ಮನೆಯವನು. ಮೊದಲು ಟ್ರಾಲ್ ಬೋಟಿನಲ್ಲಿ ಇಂಜಿನ್ ನೋಡಿಕೊಂಡಿದ್ದವನು, ಯಾವುದೋ ಜಗಳದಲ್ಲಿ ಬೋಟಿನ ಯಜಮಾನನ ಕೆನ್ನೆಗೆ ಬಿಟ್ಟು ದಡಕ್ಕೆ ಬಂದು ರೋಲರ್ ಹತ್ತಿದ್ದ. ಡಾಂಬರು, ಡೀಸೆಲ್, ಜಲ್ಲಿಪುಡಿ, ಇದರ ನಡುವೆ ದಿನಾ ಇಸ್ತ್ರಿ ಹಾಕಿದ ಬಿಳಿ ಅಂಗಿಯಲ್ಲಿ ಬರುತ್ತಿದ್ದ. ಬೆಳಿಗ್ಗೆ ಮದುಮಗ, ಸಂಜೆ ಮಸಿ ಅರಿವೆ. ಯಾಕೆ ಈ ಸೊಕ್ಕು ಎಂದು ಕೇಳಿದರೆ, ಆಫೀಸಿನವರು ಬಿಳಿ ಹಾಕುತ್ತಾರಲ್ಲ, ಅವರು ಮಾಡುವ ಕೆಲಸಕ್ಕಿಂತ ನನ್ನದು ಕೀಳಾ ಎಂದು ತಿರುಗಿ ಕೇಳುತ್ತಿದ್ದ. ಆ ಅಂಗಿ ಒಗೆಯುತ್ತಿದ್ದವಳು ಅವನ ಅಕ್ಕ. ಒಮ್ಮೆ ನಾನು ಅವರ ಮನೆಯಲ್ಲಿ ಚಾ ಕುಡಿಯುತ್ತ ಕೂತಿದ್ದಾಗ, ಆಕೆ ಬಾವಿಕಟ್ಟೆಯಿಂದಲೇ ಅವನನ್ನು ವಿಚಾರಿಸಿಕೊಂಡಳು:

“ಬೆಳಿಗ್ಗೆ ಬಿಳಿ ಅಂಗಿ ಹಾಯ್ಕಂಡ್ ಹೋಪ್ದ್, ಬೈಸಾರಿ ಕಪ್ಪ್ ಅಂಗಿ ತಕಂಡ್ ಬಪ್ದ್. ನಿಂಗೆ ಸಂಬ್ಳ ಕೊಡುದ್ ಎಂತಕ್ಕೆ, ಅಂಗಿ ಬಣ್ಣ ಬದ್ಲ್ಸುಕಾ?”

ಅಕ್ಕ ಎಂದರೆ ಅವನಿಗೆ ತಾಯಿಯ ಜಾಗದಲ್ಲಿದ್ದವಳು. ಸಣ್ಣದರಲ್ಲೇ ಅವನನ್ನು ಸಾಕಿದವಳು. ಆಕೆಯ ಗಂಡ ಮುಂಬೈಯ ಹೋಟೆಲಿಗೆಂದು ಹೋದವನು ಅಲ್ಲೇ ಯಾರದೋ ಗಂಡನಾಗಿ ಉಳಿದ. ಒಬ್ಬಳು ಮಗಳು. ಅಕ್ಕ ಮೀನಿನ ಬುಟ್ಟಿ ಹೊತ್ತು ಹೆದ್ದಾರಿ ಬದಿಯಲ್ಲಿ ನಡೆದು ಮನೆಮನೆಗೆ ಮಾರುತ್ತಿದ್ದಳು. ತಮ್ಮ ರಸ್ತೆ ಮಾಡುವುದು, ಅಕ್ಕ ಅದರ ಮೇಲೆ ನಡೆಯುವುದು. ಹೊಸ ಡಾಂಬರು ಕಾಲು ಸುಡುತ್ತದೆ, ನಿನ್ನ ಕಂಪನಿಯವರು ಒಂದು ಜೊತೆ ಚಪ್ಪಲಿ ಆದರೂ ಕೊಡಲಿ ಎಂದು ಆಕೆ, ಚಪ್ಪಲಿ ಹಾಕಿದರೆ ನಿನ್ನ ಮೀನು ಯಾರು ತೆಗೆದುಕೊಳ್ಳುತ್ತಾರೆ, ದೊಡ್ಡಸ್ತಿಕೆ ಅನ್ನುತ್ತಾರೆ ಎಂದು ಇವನು. ಇಬ್ಬರೂ ಹೀಗೆ ಕಚ್ಚಾಡಿಕೊಂಡೇ ಮಾತಾಡುತ್ತಿದ್ದರು. ಆ ಮನೆಯಲ್ಲಿ ಪ್ರೀತಿ ಎಂದರೆ ಅದೇ.

ಕೆಲವು ವರ್ಷ ಕಳೆದ ಮೇಲೆ ಕಂಪನಿಗೆ ಮಿಲ್ಲಿಂಗ್ ಮಿಷಿನ್ ಬಂತು. ಹಳೇ ಡಾಂಬರನ್ನು ಹೆರೆದು ತೆಗೆಯುವ ಯಂತ್ರ. ಹೊಟ್ಟೆಯಡಿ ಒಂದು ದೊಡ್ಡ ಡ್ರಮ್ಮು, ಅದರ ಮೈತುಂಬ ಉಕ್ಕಿನ ಹಲ್ಲು. ಡ್ರಮ್ಮನ್ನು ಇಳಿಸಿ ಮುಂದೆ ಹೋದರೆ, ಹೆರೆಮಣೆಯಲ್ಲಿ ಕಾಯಿ ಹೆರೆದ ಹಾಗೆ ರಸ್ತೆ ಪುಡಿಪುಡಿಯಾಗಿ, ಬೆಲ್ಟಿನ ಮೇಲೆ ಏರಿ, ಮುಂದೆ ತೆವಳುವ ಟಿಪ್ಪರಿಗೆ ಬೀಳುತ್ತದೆ. ಹಿಂದಿನಿಂದ ಹೊಸ ಡಾಂಬರು ಹಾಸಿಕೊಂಡು ಬರುತ್ತಾರೆ. ಅದರ ಸೀಟಿಗೆ ಬಿಳಿಯಂಗಿಯನ್ನು ಹತ್ತಿಸಿದರು. ಅದನ್ನು ಸುಸ್ಥಿತಿಯಲ್ಲಿಡುವ ಕರ್ಮ ನನ್ನದು. ನಾವೆಲ್ಲ ಅದನ್ನು ಹೆರೆಮಣೆ ಎಂದರೆ ಅವನು ಮಾತ್ರ ಅತ್ತೆ ಎನ್ನುತ್ತಿದ್ದ. ಹೆಂಡತಿ ಇಲ್ಲದವನಿಗೆ ಅತ್ತೆ ಮಾತ್ರ ಸಿಕ್ಕಿತು, ಬರೀ ನೀರು ಕುಡಿಯುತ್ತದೆ, ಹಲ್ಲು ಕಡಿಯುತ್ತದೆ ಎಂದು ಗೊಣಗುತ್ತಿದ್ದ.

ನೀರಿನ ಮಾತು ಸುಳ್ಳಲ್ಲ. ಹೆರೆಯುವಾಗ ಹಲ್ಲು ಬಿಸಿಯೇರದ ಹಾಗೆ ಸಣ್ಣ ತೂತುಗಳಿಂದ ನೀರು ಚಿಮ್ಮುತ್ತಲೇ ಇರಬೇಕು. ಬೇಸಗೆಯಲ್ಲಿ ನಮ್ಮ ಕಡೆ ಹೊಳೆ ನೀರೆಲ್ಲ ಉಪ್ಪು. ಟ್ಯಾಂಕರಿನವರು ಸೋಮಾರಿಗಳು, ದೂರದ ಬಾವಿಗೆ ಹೋಗದೆ ಹೊಳೆಯಲ್ಲೇ ತುಂಬಿಸಿಕೊಂಡು ಬರುತ್ತಿದ್ದರು. ಉಪ್ಪುನೀರು ಹೋದರೆ ತೂತು ಕಟ್ಟುತ್ತದೆ, ಪಂಪು ಕೆಡುತ್ತದೆ, ನಾನು ಸೂಜಿ ಹಿಡಿದು ಒಂದೊಂದೇ ಬಿಡಿಸಬೇಕು. ಹಾಗಾಗಿ ಅವನು ಪ್ರತಿ ಟ್ಯಾಂಕರಿನ ನಲ್ಲಿಯಿಂದ ಒಂದು ಮಗ್ಗು ಹಿಡಿದು, ರುಚಿ ನೋಡಿ, ತಲೆಯಾಡಿಸಿದ ಮೇಲೆಯೇ ಟ್ಯಾಂಕಿಗೆ ಬಿಡುವುದು. ದೇವಸ್ಥಾನದ ತೀರ್ಥ ಕುಡಿದವನ ಗಾಂಭೀರ್ಯ ಬೇರೆ. ನನಗೆ ಆ ಗಾಂಭೀರ್ಯ ನೋಡಿ ತಡೆಯಲಾಗಲಿಲ್ಲ. ಒಂದು ದಿನ ಮಗ್ಗಿನ ಒಳಮೈಗೆ ಒಣಮೀನಿಗೆ ಹಾಕುವ ಉಪ್ಪು ಚೆನ್ನಾಗಿ ತಿಕ್ಕಿ ಇಟ್ಟೆ. ಅವನು ಕುಡಿದ, ಉಗಿದ, ಸಕ್ಕರೆಯಂಥ ಬಾವಿನೀರಿನ ಟ್ಯಾಂಕರನ್ನು ವಾಪಸು ಕಳಿಸಿದ. ಟ್ಯಾಂಕರಿನವನು ಹೆತ್ತ ತಾಯಿಯ ಮೇಲೆ ಆಣೆ ಹಾಕಿದ. ಎರಡನೆಯದನ್ನೂ ಕಳಿಸಿದ. ನಾವು ರಸ್ತೆ ಬದಿ ಹೊಟ್ಟೆ ಹಿಡಿದುಕೊಂಡು ಬಿದ್ದಿದ್ದೆವು.

ಮರುದಿನ ಮಧ್ಯಾಹ್ನ ನಾನು ಊಟದ ಕ್ಯಾರಿಯರ್ ಬಿಚ್ಚಿ, ಗಂಜಿಯಲ್ಲಿ ಕೈ ಹಾಕಿ ಬಾಯಿಗಿಟ್ಟರೆ ಕಟಕ್ ಅಂತು. ಅನ್ನದ ನಡುವೆ ಮಿಷಿನಿನ ಸವೆದ ಹಲ್ಲಿನ ತುಂಡು. ನನ್ನ ದವಡೆ ಒಂದು ವಾರ ಅಲುಗಾಡಿತು. ಅವನು ಮಿಷಿನಿನ ಮೇಲೆ ಕೂತು, ನನ್ನ ಕಡೆ ತಿರುಗದೆ, ಎದುರಿನ ಟಿಪ್ಪರಿಗೆ ಹೇಳಿದ ಹಾಗೆ ಹೇಳಿದ:

“ಹಲ್ಲ್ ಬದ್ಲ್ಸೂದ್ ಮೇಸ್ತ್ರಿ ಕೆಲ್ಸ ಅಲ್ದಾ. ನಂಗೆಂತ ಗೊತ್ತ್.”

ಮೇಸ್ತ್ರಿ ಎಂದರೆ ನಾನು. ಸವೆದ ಹಲ್ಲುಗಳನ್ನು ಅವನು ಗುಜರಿಗೆ ಹಾಕಲು ಬಿಡುತ್ತಿರಲಿಲ್ಲ. ಚೀಲದಲ್ಲಿ ತುಂಬಿ ನಾವುಂದಕ್ಕೆ ಒಯ್ದು ಬಲೆಗೆ ಭಾರ ಕಟ್ಟುವವರಿಗೆ ಕೊಡುತ್ತಿದ್ದ. ಹೆದ್ದಾರಿ ಕಚ್ಚಿ ಸವೆದ ಹಲ್ಲು ಸಮುದ್ರದಡಿ ಬಂಗಡೆಗೆ ಕಾಯುತ್ತಿತ್ತು. ಒಂದನ್ನು ಅಕ್ಕ ಬೆಳ್ಳುಳ್ಳಿ ಜಜ್ಜಲು ಇಟ್ಟುಕೊಂಡಿದ್ದಳು.

ಅವನ ಒಂದು ಪದ್ಧತಿ ಮಾತ್ರ ನಾನು ಎಂದೂ ಗೇಲಿ ಮಾಡಲಿಲ್ಲ. ಹಲ್ಲು ಬದಲಾಯಿಸಲು ನಾನು ಡ್ರಮ್ಮಿನ ಅಡಿಗೆ ನುಗ್ಗಿ ಮಲಗಬೇಕು. ಮೇಲೆ ಯಾರಾದರೂ ತಿಳಿಯದೆ ಇಂಜಿನ್ ಶುರು ಮಾಡಿದರೆ ನನ್ನನ್ನು ಟಿಪ್ಪರಿನಲ್ಲಿ ಹುಡುಕಬೇಕಾಗುತ್ತದೆ. ಅವನು ಪ್ರತಿ ಸಲವೂ ಇಂಜಿನ್ ನಿಲ್ಲಿಸಿ, ಕೀ ತೆಗೆದು, ಏಣಿ ಇಳಿದು ಬಂದು, ಅದನ್ನು ನನ್ನ ಅಂಗೈಯಲ್ಲಿ ಒತ್ತುತ್ತಿದ್ದ. ಬೇರೆ ಆಪರೇಟರುಗಳು ಮೇಲಿನಿಂದ ಬಿಸಾಡುತ್ತಾರೆ, ಕೆಲವರು ಅದನ್ನೂ ಮಾಡುವುದಿಲ್ಲ. ಇವನು ಇಳಿದು ಬಂದೇ ಕೊಡಬೇಕು. ಕೊಡುವಾಗ ಒಂದೇ ಮಾತು.

“ತಕೊ, ನಿನ್ನ್ ಜೀವ.”

ಕೆಲಸ ಮುಗಿಸಿ, ಗ್ರೀಸು ಮೆತ್ತಿದ ಕೈಯಲ್ಲಿ ನಾನು ಕೀ ತಿರುಗಿ ಕೊಡುವಾಗ ನನ್ನದೂ ಒಂದು ಮಾತು.

“ತಕೊ, ನಿನ್ನ್ ಹೊಟ್ಟಿಪಾಡ್.”

ಎಷ್ಟೋ ವರ್ಷ ಇದು ನಡೆಯಿತು. ಒಂದು ಸಲವೂ ಅವನು ಹೇಳದೆ ಕೊಟ್ಟದ್ದಿಲ್ಲ, ನಾನು ಹೇಳದೆ ಹಿಂತಿರುಗಿಸಿದ್ದಿಲ್ಲ.

ಇನ್ನೊಂದು ಅಭ್ಯಾಸ ಅವನಿಗೆ ಕಡೆಕಡೆಗೆ ಅಂಟಿಕೊಂಡಿತು. ತಲ್ಲೂರಿನಲ್ಲಿ ಹೆದ್ದಾರಿ ಬದಿಗೇ ನಮ್ಮ ಕಂಪನಿಯ ಯಾರ್ಡು. ಗೇಟು ದಾಟಿದರೆ ಅಂಗಳ, ಅಂಗಳದ ಆಚೆ ಮ್ಯಾನೇಜರನ ಆಫೀಸು. ಎಲ್ಲರೂ ನೇರ ನಡೆದು ಹೋಗುತ್ತಿದ್ದರೆ ಇವನು ಮಾತ್ರ ಕಾಂಪೌಂಡ್ ಗೋಡೆಗೆ ಒತ್ತಿಕೊಂಡು, ಹುಲ್ಲು ಮುಳ್ಳು ತುಳಿದು, ಸುತ್ತಿ ಹೋಗುತ್ತಿದ್ದ. ಮಳೆ ಹೊಯ್ಯುತ್ತಿದ್ದರೂ ಹಾಗೇ, ಬಿಳಿ ಅಂಗಿ ಒದ್ದೆಯಾಗಿ ಮೈಗಂಟಿದರೂ ಹಾಗೇ. ಮ್ಯಾನೇಜರನ ನಾಯಿಗೆ ಹೆದರುತ್ತಾನೆ ಎಂದು ಹುಡುಗರು ನಗುತ್ತಿದ್ದರು. ನಾಯಿಗೆ ಹಲ್ಲೇ ಇರಲಿಲ್ಲ, ಮುದಿನಾಯಿ. ಈ ವಿಷಯಕ್ಕೆ ಆಮೇಲೆ ಬರುತ್ತೇನೆ.

ಅಕ್ಕ ಸತ್ತದ್ದು ನಾವುಂದದ ಹತ್ತಿರ, ಹೆದ್ದಾರಿಯಲ್ಲಿ, ಒಂದು ಮೋರಿಯ ಎದುರು. ಬೆಳಗ್ಗೆ ಬುಟ್ಟಿ ಹೊತ್ತು ರಸ್ತೆ ದಾಟುತ್ತಿದ್ದಳು. ಗುದ್ದಿದ ಗಾಡಿ ನಿಲ್ಲಲಿಲ್ಲ. ನಾವು ಕೆಲಸದಲ್ಲಿದ್ದ ಜಾಗಕ್ಕೆ ಸುದ್ದಿ ಬಂದು, ನಾನೂ ಅವನೂ ಸ್ಕೂಟರಿನಲ್ಲಿ ಹೋಗಿ ಮುಟ್ಟುವಾಗ ಆಕೆಯನ್ನು ಕುಂದಾಪುರದ ಆಸ್ಪತ್ರೆಗೆ ಒಯ್ದಾಗಿತ್ತು. ಮೋರಿಯ ಎದುರು ಉಳಿದದ್ದು ಬುಟ್ಟಿ. ಆ ದಿನ ಆಕೆ ಬುಟ್ಟಿ ತುಂಬ ಬೈಗೆ ಮೀನು ಹೊತ್ತಿದ್ದಳು ಎಂದು ಆಮೇಲೆ ಮಗಳು ಹೇಳಿದಳು. ನಾವು ನೋಡುವಾಗ ರಸ್ತೆಯಲ್ಲಿ ಒಂದು ಮೀನೂ ಇರಲಿಲ್ಲ. ಕಾಗೆಯನ್ನು ದೂರಬೇಡಿ. ಕಾಗೆಯ ಹತ್ತಿರ ಚೀಲ ಇರುವುದಿಲ್ಲ.

ನಮ್ಮ ರಸ್ತೆಯವರಲ್ಲಿ ಒಂದು ಕ್ರಮ ಉಂಟು. ಕೆಲಸ ನಡೆಯುವ ಹಾದಿಯಲ್ಲಿ ಅಪಘಾತವಾದರೆ, ಹತ್ತಿರದ ಗ್ಯಾಂಗಿನವರು ಹೋಗಿ ರಕ್ತದ ಮೇಲೆ ಒಂದು ಬುಟ್ಟಿ ಜಲ್ಲಿಪುಡಿ ಚೆಲ್ಲುತ್ತಾರೆ. ಗಾಡಿ ಜಾರಬಾರದು, ನೋಡುವವರಿಗೆ ಹೇಸಿಗೆಯಾಗಬಾರದು. ಅವನು ಸ್ವತಃ ಬೇರೆಯವರ ರಕ್ತದ ಮೇಲೆ ಎಷ್ಟೋ ಸಲ ಚೆಲ್ಲಿದ್ದ. ಅಲ್ಲೂ ಆಗಲೇ ಚೆಲ್ಲಿದ್ದರು. ಅವನು ಆ ಪುಡಿಯ ಪಕ್ಕ ಕುಕ್ಕರಗಾಲಲ್ಲಿ ಕೂತು, ಬೆರಳಲ್ಲಿ ಸ್ವಲ್ಪ ಸರಿಸಿ ನೋಡಿ, ಮತ್ತೆ ಮುಚ್ಚಿದ. ಗಾಡಿಗಳು ಓಡಿ ಓಡಿ ಆ ಪುಡಿ ಡಾಂಬರಿನೊಳಗೆ ಇಳಿದು ಹೋಯಿತು. ಆಮೇಲೆ ಅಲ್ಲಿ ಏನೂ ಕಾಣುತ್ತಿರಲಿಲ್ಲ. ಅವನಿಗೆ ಕಾಣುತ್ತಿತ್ತು, ಚಾಪೆಯಷ್ಟಗಲ. ಆ ಜಾಗ ಬಂದರೆ ಸ್ಕೂಟರಿನಿಂದ ಇಳಿದು, ಬದಿಯಲ್ಲಿ ತಳ್ಳಿಕೊಂಡು ದಾಟಿ, ಮತ್ತೆ ಹತ್ತುತ್ತಿದ್ದ. ಹಿಂದೆ ಕೂತ ನಾನೂ ಇಳಿಯಬೇಕು. ಅಂಗಿ ತಾನೇ ಒಗೆದುಕೊಳ್ಳತೊಡಗಿದ. ನೀಲಿ ಎಷ್ಟು ಹಾಕಬೇಕು ತಿಳಿಯದೆ ಬಿಳಿಯಂಗಿ ಆಕಾಶದ ಬಣ್ಣಕ್ಕೆ ತಿರುಗಿತು. ಹೊಸ ಹೆಸರು ಇಡಬೇಕಾಯಿತಲ್ಲ ಎಂದೆ. ನಗಲಿಲ್ಲ.

ಹೀಗಿರುವಾಗ ತಲ್ಲೂರಿನಿಂದ ಬೈಂದೂರಿನ ಕಡೆಗೆ ಹೆದ್ದಾರಿ ಹೆರೆದು ಹೊಸದು ಹಾಕುವ ಕೆಲಸ ನಮ್ಮ ಕಂಪನಿಗೆ ಬಂತು. ನಾಲ್ಕು ಪಥದ ರಸ್ತೆ ಇನ್ನೂ ಬಂದಿರದ ಕಾಲ. ಲೆಕ್ಕ ಸಣ್ಣ ಮಕ್ಕಳಿಗೂ ತಿಳಿಯುವಂಥದ್ದು. ಮಿಷಿನ್ ದಿನಾ ಉತ್ತರಕ್ಕೆ ತೆವಳುತ್ತದೆ, ಒಂದು ದಿನ ಆ ಮೋರಿ ಬರುತ್ತದೆ. ಬಂದರೆ ಡ್ರಮ್ಮಿನ ಹಲ್ಲು ಅಕ್ಕನ ಜಾಗದ ಮೇಲೆ. ಸೀಟಿನಲ್ಲಿ ಇವನು.

ಅವನು ತನ್ನ ಜೀವಮಾನದಲ್ಲಿ ಮ್ಯಾನೇಜರನ ಹತ್ತಿರ ಏನನ್ನಾದರೂ ಕೇಳಿದ್ದು ಒಂದೇ ಸಲ. ನಾನು ಬಾಗಿಲ ಹೊರಗೆ ನಿಂತಿದ್ದೆ. ಒಂದು ಚಾಪೆಯಷ್ಟು ಜಾಗದಲ್ಲಿ ಡ್ರಮ್ಮು ಎತ್ತಿ ದಾಟುತ್ತೇನೆ, ಉಳಿದದ್ದೆಲ್ಲ ಹೆರೆಯುತ್ತೇನೆ ಎಂದು ಕೇಳಿದ. ಮ್ಯಾನೇಜರ್ ಕೋಪಿಸಿಕೊಳ್ಳಲಿಲ್ಲ. ಕೋಪಿಸಿಕೊಂಡಿದ್ದರೆ ಚೆನ್ನಾಗಿತ್ತು, ಇವನೂ ಒಂದು ಕೆನ್ನೆಗೆ ಬಿಡುತ್ತಿದ್ದ.

“ರಸ್ತೆಯಲ್ಲಿ ಸತ್ತವರ ಜಾಗ ಎಲ್ಲ ಬಿಡುತ್ತ ಹೋದರೆ ಹೆರೆಯಲಿಕ್ಕೆ ರಸ್ತೆಯೇ ಉಳಿಯುವುದಿಲ್ಲ ಮಾರಾಯ,” ಎಂದ. “ನಿನಗೆ ಆಗದಿದ್ದರೆ ಹೇಳು. ಆಗುವವನನ್ನು ಕರೆಸುತ್ತೇನೆ.”

ಕರೆಸಿದ ಕೂಡ. ಎಲ್ಲಿಯವನೋ ಒಬ್ಬ ಆಪರೇಟರ್ ಬಂದು ಯಾರ್ಡಿನ ಶೆಡ್ಡಿನಲ್ಲಿ ಕೂತ. ಬೀಡಿ ಸೇದುವುದು, ರೇಡಿಯೋ ಕೇಳುವುದು, ಕಾಯುವುದು. ಬಿಳಿಯಂಗಿ ಡ್ರಮ್ಮು ಎತ್ತಿದರೆ ಮರುಗಳಿಗೆ ಸೀಟು ಅವನಿಗೆ. ಬಿಳಿಯಂಗಿಗೆ ಬೇರೆ ದಾರಿ ಇರಲಿಲ್ಲ. ರೋಲರು ಮಿಷಿನಿನ ಗದ್ದಲದಲ್ಲಿ ಕಿವಿ ಅರ್ಧ ಹೋಗಿತ್ತು. ಇಂಜಿನಿನ ದನಿ ಕೇಳದವನನ್ನು ಬೋಟಿನವರು ಹತ್ತಿಸುವುದಿಲ್ಲ, ಅದರಲ್ಲೂ ಯಜಮಾನನಿಗೆ ಹೊಡೆದವನನ್ನು. ಮನೆಯಲ್ಲಿ ಅಕ್ಕನ ಮಗಳು, ಕಾಲೇಜಿಗೆ ಹೋಗುತ್ತಿದ್ದವಳು, ಇವನ ಸೀಟನ್ನೇ ನಂಬಿಕೊಂಡಿದ್ದಳು.

ಈಗ ನನ್ನ ಘನಕಾರ್ಯ ಕೇಳಿ. ಎತ್ತುತ್ತಾನೋ ಇಲ್ಲವೋ ಎಂದು ಗ್ಯಾಂಗಿನಲ್ಲಿ ಪಂಥ ಕಟ್ಟಿಸಿದವನು ನಾನು. ಸೋತವರು ಎಲ್ಲರಿಗೂ ಗೋಳಿಬಜೆ ಮತ್ತು ಚಾ ಕೊಡಿಸುವುದು. ಛೇ ಎನ್ನಬೇಡಿ. ರಸ್ತೆ ಕೆಲಸದವರು ದುಃಖಕ್ಕೂ ಪಂಥ ಕಟ್ಟುತ್ತಾರೆ, ಸುಮ್ಮನೆ ಕೂತರೆ ಅದು ಮೈಮೇಲೆ ಬರುತ್ತದೆ. ಎಲ್ಲರೂ ಎತ್ತುವುದಿಲ್ಲ ಎಂದು ಕಟ್ಟಿದರು. ಎತ್ತುತ್ತಾನೆ ಎಂದು ಕಟ್ಟಿದವನು ನಾನೊಬ್ಬನೇ. ಸುದ್ದಿ ಅವನ ಕಿವಿಗೂ ಹೋಯಿತು, ಅರ್ಧ ಕಿವಿಯಲ್ಲಿ. ನನ್ನ ಹತ್ತಿರ ಬಂದು, ಗೋಳಿಬಜೆ ಯಾವ ಅಂಗಡಿಯದು ಎಂದು ಕೇಳಿದ. ಹೇಳಿದೆ. ಅಲ್ಲಿಯದು ಎಣ್ಣೆ ಜಾಸ್ತಿ, ಬೇರೆ ನೋಡಿ ಎಂದು ಹೋದ.

ಆ ದಿನ ಬೆಳಿಗ್ಗೆ ಬಿಸಿಲು ಸರಿಯಾಗಿ ಏರುವ ಮೊದಲೇ ಮೋರಿ ಕಾಣಿಸಿತು. ಟಿಪ್ಪರ್ ಮುಂದೆ, ಮಿಷಿನ್ ಹಿಂದೆ, ಆಚೀಚೆ ನಾವು. ಸಮುದ್ರದ ಕಡೆಯಿಂದ ಗಾಳಿ ಬೀಸಿ ಪುಡಿ ಎಲ್ಲ ನಮ್ಮ ಬಾಯಿಗೆ. ಆ ಜಾಗಕ್ಕೆ ಒಂದು ಬೋಟಿನಷ್ಟು ದೂರ ಇರುವಾಗ ಅವನು ಇಂಜಿನ್ ನಿಲ್ಲಿಸಿದ. ಅಷ್ಟು ಹೊತ್ತಿನ ಗದ್ದಲ ನಿಂತು ಕಾಗೆಯ ದನಿ ಕೇಳಿತು. ಏಣಿ ಇಳಿದು ಬಂದ. ಅಂದು ಹಾಕಿದ ಅಂಗಿ ಹೊಸದು, ನೀಲಿ ಮುಟ್ಟದ್ದು. ನೇರ ನನ್ನ ಹತ್ತಿರ ಬಂದು ಕೀಯನ್ನು ನನ್ನ ಅಂಗೈಯಲ್ಲಿ ಒತ್ತಿದ. ಬದಲಾಯಿಸಲು ಹಲ್ಲು ಇರಲಿಲ್ಲ, ನಾನು ಅಡಿಗೆ ನುಗ್ಗುವ ಕೆಲಸವೂ ಇರಲಿಲ್ಲ. ‘ತಕೊ, ನಿನ್ನ್ ಜೀವ’ ಎಂದೂ ಹೇಳಲಿಲ್ಲ. ಸುಮ್ಮನೆ ಹೋಗಿ ಮೋರಿಯ ಕಟ್ಟೆಯ ಮೇಲೆ ಕೂತ. ನಾನೂ ಹೋಗಿ ಪಕ್ಕದಲ್ಲಿ ಕೂತೆ. ಟಿಪ್ಪರಿನವನು ಹಾರ್ನ್ ಮಾಡಿದ. ಹಿಂದೆ ಬಸ್ಸುಗಳು ಸಾಲುಗಟ್ಟಿದವು. ನಾವಿಬ್ಬರೂ ಒಂದೆರಡು ಮಾತಾಡಿದೆವು. ಆಮೇಲೆ ಅವನು ಎದ್ದು ಕೈ ಚಾಚಿದ, ನಾನು ಕೀ ಕೊಟ್ಟೆ. ನನ್ನ ಮಾತನ್ನು ನಾನೂ ಹೇಳಲಿಲ್ಲ.

ಅವನು ಹತ್ತಿದ, ಶುರು ಮಾಡಿದ, ಆ ಜಾಗದ ಅಂಚಿಗೆ ಬಂದ. ಡ್ರಮ್ಮು ಎತ್ತಿದ. ಅಷ್ಟು ದೊಡ್ಡ ಯಂತ್ರ, ಸೀರೆ ನೆರಿಗೆ ಎತ್ತಿಕೊಂಡು ತೋಡು ದಾಟುವ ಹೆಂಗಸಿನ ಹಾಗೆ, ಹೊಟ್ಟೆ ಎತ್ತಿಕೊಂಡು ಆ ಚಾಪೆಯಷ್ಟಗಲವನ್ನು ದಾಟಿ, ಆಚೆ ಮತ್ತೆ ಹಲ್ಲು ಇಳಿಸಿತು. ಹೊಸ ಡಾಂಬರಿನ ನಡುವೆ ಬೂದು ಬಣ್ಣದ ಹಳೇ ತುಂಡು ಹಾಗೇ ಉಳಿಯಿತು. ಮ್ಯಾನೇಜರ್ ಮರುದಿನ ಬಂದ. ಜೀಪಿನಿಂದ ಇಳಿಯಲೂ ಇಲ್ಲ. ಗೋಳಿಬಜೆ ಬಂದದ್ದು ಬಂತು, ಬಾಳೆಲೆಯಲ್ಲಿ ತಣ್ಣಗಾಯಿತು. ಈಗ ಹೋಗಿ ಆ ತುಂಡನ್ನು ಹುಡುಕಬೇಡಿ. ನಾಲ್ಕು ಪಥ ಬಂದು, ಮಣ್ಣು ಏರಿಸಿ, ಎಲ್ಲ ಅಡಿಗೆ ಹೋಗಿದೆ.

ಆಮೇಲೆ ಅವನ ಕಿವಿ ಉಳಿದರ್ಧವೂ ಹೋಯಿತು. ಕಂಪನಿಯವರು ಅವನನ್ನು ಮನೆಗೆ ಕಳಿಸಿದರು. ಕಳಿಸುವಾಗ ಒಂದು ಗೋಡೆ ಗಡಿಯಾರ ಕೊಟ್ಟರು, ಗಂಟೆ ಬಾರಿಸುವಂಥದ್ದು. ಕಿವುಡನಿಗೆ ಗಂಟೆ. ಇಂಥ ಕುಚೋದ್ಯ ನನಗೂ ಹೊಳೆದದ್ದಿಲ್ಲ. ಅವನು ನಾವುಂದದಲ್ಲಿ ಬಲೆ ಹೆಣೆಯುತ್ತ ಕೂತ. ನಾನು ಆಗಾಗ ಹೋಗುತ್ತಿದ್ದೆ. ಊರಿನ ಚಾ ಅಂಗಡಿಯಲ್ಲಿ ಡ್ರಮ್ಮು ಎತ್ತಿದ ಕಥೆ ಹೇಳುತ್ತಿದ್ದೆ. ಕಂಡಕ್ಟರುಗಳು ಪ್ರಯಾಣಿಕರಿಗೆ ಆ ಮೋರಿ ತೋರಿಸುವಷ್ಟು ಕಥೆ ಬೆಳೆಯಿತು. ಒಮ್ಮೆ ಅವನ ಎದುರಿನಲ್ಲೇ ಹೇಳಿದೆ. ಎಲ್ಲರೂ ಅವನ ಕಡೆ ತಿರುಗಿದರು. ಅವನು ನನ್ನ ತುಟಿಯನ್ನೇ ನೋಡುತ್ತಿದ್ದ.

“ಎಂತ ಹೇಳ್ದೆ ಮಾರಾಯ?” ಎಂದು ಕೇಳಿದ.

ಬಂಗಡೆ ತುಟ್ಟಿಯಾಗಿದೆ ಅಂದೆ, ಕಿವಿಯ ಹತ್ತಿರ ಕಿರುಚಿ. ಹೌದು ಹೌದು ಎಂದು ತಲೆಯಾಡಿಸಿ ಚಾ ಕುಡಿದ. ಕೇಳಿತ್ತೋ ಇಲ್ಲವೋ, ನನ್ನನ್ನೇ ಕುಚೋದ್ಯ ಮಾಡಿದನೋ, ದೇವರಿಗೇ ಗೊತ್ತು.

ಹೋದ ಮಳೆಗಾಲದಲ್ಲಿ ಸತ್ತ. ಬೊಜ್ಜದ ಊಟಕ್ಕೆ, ಅವನ ಉತ್ತರಕ್ರಿಯೆಗೆ, ನಾನು ಹೋದೆ. ಅಂಗಳದಲ್ಲಿ ಶಾಮಿಯಾನ. ಒಳಗೆ ಅವನ ಫೋಟೋ, ಮೇಲೆ ಆ ಗಡಿಯಾರ. ಅಡುಗೆಮನೆಯ ಕಟ್ಟೆಯಲ್ಲಿ ಬೆಳ್ಳುಳ್ಳಿ ಜಜ್ಜುವ ಹಲ್ಲು ಇನ್ನೂ ಇತ್ತು. ಮದುವೆಯಾಗಿ ಮಗು ಎತ್ತಿಕೊಂಡ ಅಕ್ಕನ ಮಗಳು ನನ್ನ ಪಕ್ಕ ಬಂದು ಕೂತಳು.

“ಮಾವ ಒಂದ್ ದಿನೂ ಹೇಳ್ದರಲ್ಲ. ನಿಮ್ಮಿಂದ್ಲೇ ಗೊತ್ತಾದ್ದ್,” ಎಂದಳು. “ಬಸ್ಸಗೆ ಹೋಪತಿಗೆ ಆ ಮೋರಿ ಹತ್ರ ಒಂದ್ ಸಲ ಕಣ್ಣ್ ಮುಚ್ತೆ. ಅಡಿಯಂಗೆ ಇತ್ತಲೆ, ಅಮ್ಮನ್ ಜಾಗ.”

ಹೌದು ಎಂದೆ. ಅರ್ಧ ಸುಳ್ಳಿನ ‘ಹೌದು’ ಅಲ್ಲ, ಪೂರ್ತಿಯದು.

ಅಷ್ಟರಲ್ಲಿ ಮ್ಯಾನೇಜರ್ ಬಂದ. ಈಗ ರಿಟೈರ್ ಆಗಿದ್ದಾನೆ, ಕಾರಿನಲ್ಲಿ ಬಂದ. ಎಲ್ಲರೂ ಎದ್ದು ಜಾಗ ಮಾಡಿದರು. ಬಾಳೆಲೆಯ ಎದುರು ಕೂತು ಸತ್ತವನ ಗುಣಗಾನ ಶುರು ಮಾಡಿದ. ಎಂಥ ಕೆಲಸಗಾರ, ಎಂಥ ಶಿಸ್ತು, ದಿನಾ ಬಿಳಿ ಅಂಗಿ. ಆಮೇಲೆ ಪಾಯಸ ಬಡಿಸುವ ಹೊತ್ತಿಗೆ, ಪಂಕ್ತಿ ಪೂರ್ತಿ ಕೇಳುವ ಹಾಗೆ ಹೇಳಿದ:

“ಅಕ್ಕ ತೀರಿದ ಜಾಗ ಅದು. ನಾನೇ ಅಂದೆ, ಡ್ರಮ್ ಎತ್ತಿಬಿಡಪ್ಪ, ಮೇಲಿನವರಿಗೆ ನಾನು ಉತ್ತರ ಕೊಡುತ್ತೇನೆ ಅಂತ.”

ಪಂಕ್ತಿಯಲ್ಲಿ ತಲೆಗಳು ಆಡಿದವು. ಅಕ್ಕನ ಮಗಳು ಕಣ್ಣು ಒರೆಸಿಕೊಂಡು, ಅವನಿಗೆ ಕೈ ಮುಗಿದು, ಇನ್ನೊಂದು ಸೌಟು ಪಾಯಸ ಬಡಿಸಿದಳು. ಅವನು ನನ್ನ ಕಡೆ ನೋಡಿ ನಕ್ಕ, ಅಲ್ಲವಾ ಎಂದು ಕೇಳುವ ಹಾಗೆ. ಅವನಿಗೆ ಗೊತ್ತಿತ್ತು, ನಾನು ಬಾಯಿ ಬಿಡಲಾರೆ ಎಂದು. ಬಿಟ್ಟರೆ ನನ್ನ ಕಥೆಯೂ ಬೀಳುತ್ತದೆ. ಜೀವಮಾನವಿಡೀ ಊರಿಗೆಲ್ಲ ಟೋಪಿ ಹಾಕಿದವನು ನಾನು, ಆ ದಿನ ನನ್ನದೇ ಟೋಪಿಯನ್ನು ತೆಗೆದು ತನ್ನ ತಲೆಗಿಟ್ಟುಕೊಂಡು ಪಾಯಸ ಸುರಿದ ಆ ಮನುಷ್ಯ. ನಾನು ಎಲೆ ಮಡಚಿ ಎದ್ದೆ.

ಅಲ್ಲಿ ಹೇಳಲಿಲ್ಲ. ಇಲ್ಲಿ ಹೇಳುತ್ತೇನೆ. ಇಷ್ಟು ಹೊತ್ತು ನೀವು ಓದಿದ್ದೆಲ್ಲ ನಿಜ, ಉಪ್ಪಿನ ಮಗ್ಗೂ ನಿಜ, ಗಾಳಿಯ ಪಂಪೂ ನಿಜ. ಒಂದು ಮಾತ್ರ ನಾನು ಕಟ್ಟಿದ್ದು. ಅವನು ಡ್ರಮ್ಮು ಎತ್ತಲಿಲ್ಲ.

ಮೋರಿಯ ಕಟ್ಟೆಯಲ್ಲಿ ಕೂತು ಮಾತಾಡಿದೆವು ಎಂದೆನಲ್ಲ. ಬೆಲ್ಟು ತುಂಡಾಯಿತು ಎಂದು ಹೇಳುತ್ತೇನೆ, ಬೇಕಾದರೆ ಈ ಕೀಯನ್ನು ಸಮುದ್ರಕ್ಕೆ ಎಸೆಯುತ್ತೇನೆ, ನೀನು ಮನೆಗೆ ಹೋಗು ಎಂದವನು ನಾನು. ಅವನು ಆ ಜಾಗವನ್ನೇ ನೋಡುತ್ತಿದ್ದ.

“ಇವತ್ತ್ ತಪ್ಸಿರೆ ನಾಳೆ ಇತ್ತ್. ನಾ ಹೆರ್ಯದಿರೆ ಶೆಡ್ಡಗೆ ಕೂಕಂಡವ ಹೆರೀತ,” ಎಂದ. “ಅವಂಗ್ ಅಕ್ಕನ್ ಗುರ್ತ ಇತ್ತಾ?”

ಎದ್ದು ಕೈ ಚಾಚಿದ. ಕೀ ಕೊಟ್ಟೆ. ಹತ್ತಿದ, ಡ್ರಮ್ಮು ಇಳಿಸಿಕೊಂಡೇ ಬಂದ, ಇಳಿಸಿಕೊಂಡೇ ಹೋದ. ಮಿಷಿನಿನ ದನಿ ಅಲ್ಲಿ ಒಂದಿಷ್ಟೂ ಬದಲಾಗಲಿಲ್ಲ. ಬದಲಾದೀತೇನೋ ಎಂದು ನಾನು ಕಿವಿ ಕೊಟ್ಟು ನಿಂತಿದ್ದೆ. ಜಲ್ಲಿಪುಡಿಯೂ ಅದರಡಿಯದೂ ಉಳಿದ ರಸ್ತೆಯ ಹಾಗೇ ಬೆಲ್ಟು ಏರಿ ಟಿಪ್ಪರಿಗೆ ಬಿತ್ತು. ಅವನು ಆ ಟಿಪ್ಪರಿನ ಮೇಲೆಯೇ ಕಣ್ಣಿಟ್ಟಿದ್ದ. ಮಳೆಗೆ ಮೊದಲು, ಮ್ಯಾನೇಜರನ ಜೀಪು ಕೆಸರಿನಲ್ಲಿ ಹೂಳಬಾರದು ಎಂದು, ಆಗ ಹೆರೆದ ಪುಡಿಯನ್ನೆಲ್ಲ ಯಾರ್ಡಿನ ಅಂಗಳಕ್ಕೆ ಹಾಕುತ್ತಿದ್ದರು. ಸಂಜೆ ಅವನು ತಲ್ಲೂರಿಗೆ ಬರುವಾಗ ಆ ಲೋಡು ಸುರಿದಾಗಿತ್ತು, ಹರಡಿಯಾಗಿತ್ತು, ಮೇಲೆ ರೋಲರು ಓಡಿಯಾಗಿತ್ತು. ಅಂಗಳದಲ್ಲಿ ಎಲ್ಲಿ ಎಂದು ಹೇಳಲು ಯಾರಿಂದಲೂ ಸಾಧ್ಯವಿರಲಿಲ್ಲ. ಹಾಗಾಗಿ ಅವನು ಇಡೀ ಅಂಗಳವನ್ನೇ ಬಿಟ್ಟ. ಗೋಡೆಗೆ ಒತ್ತಿಕೊಂಡು, ಮುಳ್ಳು ತುಳಿದುಕೊಂಡು, ಸುತ್ತಿ ಹೋದ, ಕೆಲಸ ಬಿಡುವ ತನಕ.

ಈಗ ಆ ಯಾರ್ಡು ಇಲ್ಲ, ಅಲ್ಲೊಂದು ಮದುವೆ ಹಾಲ್ ಬಂದಿದೆ, ಅಂಗಳದಲ್ಲಿ ಕಾರು ನಿಲ್ಲಿಸುತ್ತಾರೆ. ಬಸ್ಸಿನ ಕಿಟಕಿಯಿಂದ ಕಾಣುತ್ತದೆ. ಕಣ್ಣು ಮುಚ್ಚುವುದಾದರೆ ನಾವುಂದದಲ್ಲಿ ಬೇಡ ಮಗಾ, ತಲ್ಲೂರಿನಲ್ಲಿ ಮುಚ್ಚು.